ಡೀಸೆಲ್‌ನಲ್ಲಿ ಬೆಂದ ಬೆತ್ತ, ನಮ್ಮ ಮೇದಾರ ಓಣಿ

ಕಾಂಬೋಡಿಯಾ ಅಂದ್ರೆ ನಮಗೆ ಅಂಕೋರ್ ವಾಟ್. ಥಾಯ್ಲೆಂಡ್ ಅಂದ್ರೆ ಟೂರ್ ಪ್ಯಾಕೇಜ್. ಬಾಲಿ ಅಂದ್ರೆ ಹೊಸದಾಗಿ ಮದುವೆಯಾದವರ ವಾಟ್ಸಾಪ್ ಸ್ಟೇಟಸ್. ಅಲ್ಲಿನ ಈ ಕಾಲದ ಒಬ್ಬ ಕಲಾವಿದರ ಹೆಸರು ಹೇಳಿ ಅಂದ್ರೆ ಚಿತ್ರಕಲೆ ಓದಿದವರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಪಿಕಾಸೊ ಗೊತ್ತು. ವ್ಯಾನ್ ಗೋ ಕಿವಿ ಕುಯ್ದುಕೊಂಡಿದ್ದೂ ಗೊತ್ತು. ನಮ್ಮ ಹಾಗೇ ಬಿಸಿಲಿನಲ್ಲಿ ಭತ್ತ ನಾಟಿ ಮಾಡುವ, ನಮ್ಮ ಹಾಗೇ ರಾಮಾಯಣ ಮಹಾಭಾರತವನ್ನು ರಾತ್ರಿಯಿಡೀ ಆಡುವ ಊರುಗಳಲ್ಲಿ ಈಗ ಯಾರು ಏನು ಮಾಡ್ತಿದ್ದಾರೆ ಅನ್ನೋದು ಮಾತ್ರ ಗೊತ್ತಿಲ್ಲ.

ನಾನು ಕೊಪ್ಪಳದಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತೇನೆ. ಕ್ರಾಫ್ಟ್ ಪೀರಿಯಡ್‌ಗೆ ಬಿದಿರಿನಲ್ಲಿ ಏನಾದರೂ ಮಾಡಿಸೋಣ ಅಂತ ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಪೆನ್ ಸ್ಟ್ಯಾಂಡು, ಹೂದಾನಿ, ಗೋಡೆಗೆ ನೇತುಹಾಕೋ ಗುಬ್ಬಿಗೂಡು, ಇಂಥವೇ ಬರುತ್ತಿದ್ದವು. ನಡುವೆ ಒಂದು ಬಳ್ಳಿ ಬಂತು. ಉದ್ದ 5 ಮೀಟರ್‌ಗಿಂತ ಜಾಸ್ತಿ. ತುದಿಯಲ್ಲಿ ಬಾಯಿ ಅಗಲಿಸಿದ ದೊಡ್ಡ ಹೂವು. ಮೈಯೆಲ್ಲ ಜಾಳು ಜಾಳು, ಅದರ ಮೂಲಕ ಹಿಂದಿನ ಗೋಡೆ ಕಾಣುತ್ತೆ. ಬಳಸಿದ್ದು ಬೆತ್ತ, ಬಿದಿರು, ತಂತಿ. 2011ರ ಕೆಲಸ, ಹೆಸರು ‘ಮಾರ್ನಿಂಗ್ ಗ್ಲೋರಿ’, ಮಾಡಿದವರು ಕಾಂಬೋಡಿಯಾದ ಸೋಫೀಪ್ ಪಿಚ್. ನಾವು ಬೇಲಿ ಮೇಲೆ ನೋಡುವ ಹೂವಿನ ಕುಲದ್ದೇ ಗಿಡ ಅದು, ಆದರೆ ಅಲ್ಲಿ ಅದನ್ನು ಸೊಪ್ಪಿನ ಹಾಗೆ ತಿನ್ನುತ್ತಾರೆ, ನೀರಿನಲ್ಲಿ ಪುಕ್ಕಟೆ ಬೆಳೆಯುತ್ತೆ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪಿನ ಕ್ರೂರ ಆಳ್ವಿಕೆಯಲ್ಲಿ ಅನ್ನ ಸಿಗದ ಜನ ಹೊಟ್ಟೆಗೆ ಹಾಕಿಕೊಂಡದ್ದು ಇಂಥ ಸೊಪ್ಪನ್ನೇ. ಅದು ಗೊತ್ತಾದ ಮೇಲೆ ಆ ಹೂವನ್ನು ‘ಎಷ್ಟು ಚೆಂದ’ ಅಂತ ಸುಮ್ನೆ ನೋಡೋಕೆ ಆಗಲ್ಲ.

ಪಿಚ್ ಹುಟ್ಟಿದ್ದು 1971ರಲ್ಲಿ, ಬಾತ್ತಂಬಾಂಗ್‌ನಲ್ಲಿ. 1979ರಲ್ಲಿ ಮನೆಯವರೆಲ್ಲ ಥಾಯ್ ಗಡಿಯ ನಿರಾಶ್ರಿತರ ಶಿಬಿರಕ್ಕೆ ಹೋದರು, 1984ರಲ್ಲಿ ಅಮೆರಿಕಕ್ಕೆ. ಅಲ್ಲಿ ಓದಿದ್ದು ಪೇಂಟಿಂಗ್. 2002ರಲ್ಲಿ ವಾಪಸ್ ಬಂದರು. 2004ರ ಹೊತ್ತಿಗೆ ಬೆತ್ತ ಹಿಡಿದರು. ಮೊದಲು ಕಟ್ಟಿದ್ದು ಒಂದು ಜೋಡಿ ಶ್ವಾಸಕೋಶ. ಆಮೇಲೆ ಬಣ್ಣದ ಕಡೆ ಮೊದಲಿನಷ್ಟು ಮುಖ ಮಾಡಲಿಲ್ಲ. ಅವರ 2009ರ ಬುದ್ಧ ಇದೆ ನೋಡಿ, ನನಗೆ ಬಳ್ಳಿಗಿಂತಲೂ ಅದೇ ಇಷ್ಟ. ತಲೆ, ಹೆಗಲು ಪೂರ್ತಿ ಇದೆ. ಎದೆಯಿಂದ ಕೆಳಗೆ ಬೆತ್ತದ ಎಳೆಗಳನ್ನು ಕಟ್ಟದೆ ಹಾಗೇ ಬಿಟ್ಟಿದ್ದಾರೆ, ನೇತಾಡುತ್ತವೆ, ತುದಿಗಳಿಗೆ ಕೆಂಪು ಬಣ್ಣ. ಮುಗಿಸದೇ ಬಿಟ್ಟ ಬುಟ್ಟಿಯ ಹಾಗಿದ್ದಾನೆ ಬುದ್ಧ.

ಕೆಲಸದ ವಿಧಾನ ನನಗೆ ಜಾಸ್ತಿ ಹಿಡಿಸಿತು. ಬೆತ್ತ ತಂದು, ಹುಳ ಹಿಡೀಬಾರದು ಅಂತ ದೊಡ್ಡ ಪಾತ್ರೆಯಲ್ಲಿ ಡೀಸೆಲ್ ಹಾಕಿ ಕುದಿಸುತ್ತಾರೆ. ಒರೆಸಿ ಒಣಗಿಸಿ ಸೀಳುತ್ತಾರೆ. ಆಮೇಲೆ ಚೌಕ ಚೌಕವಾಗಿ ಇಟ್ಟು, ಎಳೆ ಎಳೆ ಸೇರುವ ಒಂದೊಂದು ಕಡೆಯೂ ತಂತಿ ಬಿಗಿಯುತ್ತಾರೆ. ಸಾವಿರಾರು ಗಂಟು. ಒಂದು ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ.

ಫೋಟೊ ತಗೊಂಡು ನಮ್ಮ ಮೇದಾರ ಓಣಿಗೆ ಹೋದೆ. ಅಲ್ಲಿ ಮೊರ, ಬುಟ್ಟಿ, ಏಣಿ ಮಾಡೋ ಒಬ್ಬ ಹಿರಿಯರಿದ್ದಾರೆ. ಕೆಲಸ ನಿಲ್ಲಿಸದೆ ಮಾತಾಡುತ್ತಾರೆ. ಎಡಗಾಲಿನ ಹೆಬ್ಬೆರಳಲ್ಲಿ ಸೀಳು ಒತ್ತಿ ಹಿಡಿದು, ಬಲಗೈಯ ಕತ್ತಿಯನ್ನು ಅಲ್ಲಾಡಿಸದೆ, ಬಿದಿರನ್ನೇ ಕತ್ತಿಯ ಮೇಲೆ ಎಳೆಯುತ್ತಾರೆ. ಸಿಪ್ಪೆ ಒಂದೇ ದಪ್ಪದಲ್ಲಿ ಸುರುಳಿ ಸುರುಳಿಯಾಗಿ ಬೀಳುತ್ತೆ. ಆ ಅಳತೆ ಯಾವ ಸ್ಕೇಲಿನಲ್ಲೂ ಇಲ್ಲ. ಬಳ್ಳಿಯ ಫೋಟೊವನ್ನು ತುಂಬ ಹೊತ್ತು ನೋಡಿದರು. ‘ಕೆಲಸ ಛಲೋ ಐತಿ. ಆದ್ರ ತಂತಿ ಯಾಕ ಬಿಗದಾನ? ಹೆಣಿಯಾಕ ಬರಂಗಿಲ್ಲೇನು ಇವಂಗ?’ ಅಂದರು. ಡೀಸೆಲ್ ವಿಷಯ ಹೇಳಿದೆ. ನಕ್ಕುಬಿಟ್ಟರು. ‘ನಮ್ಮ ಬುಟ್ಟ್ಯಾಗ ರೊಟ್ಟಿ ಇಡತಾರ್ರೀ, ಡೀಸೆಲ್ ನಡಿಯಂಗಿಲ್ಲ.’

ಅವರ ಟೀಕೆ ಸರಿಯಾದದ್ದೇ. ಪಿಚ್ ಬುಟ್ಟಿ ಹೆಣೆಯೋ ಮನೆಯಲ್ಲಿ ಹುಟ್ಟಿದವರಲ್ಲ. ಹೊರಗಿನಿಂದ ಬಂದು ಆ ವಸ್ತುವನ್ನು ಹಿಡಿದವರು, ತಮ್ಮದೇ ರೀತಿಯಲ್ಲಿ ಕಟ್ಟಿದರು. ಒಳಗಿನವರಿಗೆ ಅದು ತಕ್ಷಣ ಕಂಡುಬಿಡುತ್ತೆ. ಆದರೆ ಬಿದಿರಿನಿಂದ ಒಂದು ಎದೆಗೂಡು ಮಾಡಬಹುದು, ಹಸಿವನ್ನು ಹೇಳಬಹುದು ಅನ್ನೋದು ಹೊರಗಿಂದ ಬಂದಿದ್ದಕ್ಕೇ ಹೊಳೆಯಿತೋ ಏನೋ. ನಮ್ಮಲ್ಲಿ ಕೈಕೆಲಸದವರು, ಕಲೆ ಓದಿದವರು, ಈ ಇಬ್ಬರೂ ಒಂದೇ ಕಡೆ ಕೂರೋದೇ ಇಲ್ಲ, ನನ್ನ ತಕರಾರು ಅದು. ನಾನು ಕಲಿತ ಕಾಲೇಜಿನಲ್ಲಿ (ಹೆಸರು ಬೇಡ ಬಿಡಿ) ಐದು ವರ್ಷ ಪ್ಲಾಸ್ಟರ್ ತಲೆಗಳನ್ನು ನೋಡಿ ನೋಡಿ ಬರೆದೆವು, ಯಾವುದೋ ರೋಮಿನ ರಾಜ, ಮೂಗು ಮುರಿದಿತ್ತು. ಮರದ ಗೊಂಬೆ ಮಾಡೋ ಕಿನ್ನಾಳದವರು ಹುಣಸೆ ಬೀಜದ ಅಂಟು ಹೇಗೆ ಮಾಡುತ್ತಾರೆ, ಆ ಗೊಂಬೆಗಳ ಮೇಲಿನ ಬಂಗಾರದ ಹೊಳಪು ಬಂಗಾರವೇ ಇಲ್ಲದೆ ಹೇಗೆ ಬರುತ್ತೆ ಅನ್ನೋದನ್ನ ಒಬ್ಬರೂ ಹೇಳಿಕೊಡಲಿಲ್ಲ. ಒಬ್ಬ ಹುಡುಗ ಮನೆಯಿಂದ ಗೊಂಬೆ ತಂದಿದ್ದಕ್ಕೆ ‘ಜಾತ್ರೆ ಮಾಲು ಇಲ್ಲಿ ಬೇಡ’ ಅಂತ ಬೈಸಿಕೊಂಡ.

ವಿಯೆಟ್ನಾಂನ ದಿನ್ ಕ್ಯೂ ಲೆ ಅವರದೂ ಇದೇ ದಾರಿ. 1968ರಲ್ಲಿ ಕಾಂಬೋಡಿಯಾ ಗಡಿಯ ಹಾ ತಿಯೆನ್ ಎಂಬ ಊರಲ್ಲಿ ಹುಟ್ಟಿ, ಹತ್ತು ವರ್ಷದ ಹುಡುಗನಾಗಿದ್ದಾಗ ಊರು ಬಿಟ್ಟು, ಅಮೆರಿಕದಲ್ಲಿ ಬೆಳೆದವರು. ಅಲ್ಲಿ ಫೋಟೊಗ್ರಫಿ ಓದಿ, ಚಿಕ್ಕಂದಿನಲ್ಲಿ ಮನೆಯ ಹೆಂಗಸರಿಂದ ಕಲಿತಿದ್ದ ಹುಲ್ಲುಚಾಪೆಯ ಹೆಣಿಗೆಯನ್ನು ಫೋಟೊಗಳಿಗೆ ಹಾಕಿದರು. ಯುದ್ಧದ ಸುದ್ದಿಚಿತ್ರ ಒಂದು, ಹಾಲಿವುಡ್ ಸಿನಿಮಾದ ದೃಶ್ಯ ಒಂದು, ಎರಡನ್ನೂ ಪಟ್ಟಿ ಪಟ್ಟಿ ಕತ್ತರಿಸಿ ಒಂದರೊಳಗೊಂದು ಹೆಣೆದುಬಿಟ್ಟರು. ಹತ್ತಿರದಿಂದ ನೋಡಿದರೆ ಬರೀ ಚೌಕಗಳು, ದೂರ ಹೋದರೆ ಒಂದು ಮುಖ, ಆ ಮುಖದ ಮೇಲೆ ಇನ್ಯಾರದೋ ಮುಖ. ಅವರದೇ ಇನ್ನೊಂದು ಕೆಲಸ 2006ರ ‘ದಿ ಫಾರ್ಮರ್ಸ್ ಆಂಡ್ ದಿ ಹೆಲಿಕಾಪ್ಟರ್ಸ್’. ಅಮೆರಿಕದ ಹೆಲಿಕಾಪ್ಟರ್ ನೋಡಿದರೆ ಗದ್ದೆಯಲ್ಲಿ ಅಡಗಿಕೊಳ್ಳುತ್ತಿದ್ದ ದೇಶದಲ್ಲಿ ಒಬ್ಬ ರೈತ, ಒಬ್ಬ ಮೆಕ್ಯಾನಿಕ್ ಸೇರಿ ತಾವೇ ಹೆಲಿಕಾಪ್ಟರ್ ಕಟ್ಟುತ್ತಾರೆ, ಹೊಲಕ್ಕೆ ಬೇಕು ಅಂತ. ಅವರು ಕಟ್ಟಿದ್ದೇ 2010ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾದಲ್ಲಿ ನಿಂತಿತ್ತು. ಲೆ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಇನ್ನೂ 56 ವರ್ಷ ಅಷ್ಟೇ.

ಚಾಪೆ ಅಂದಾಗ ಯೀ ಇ-ಲಾನ್ ಅವರ ಬಗ್ಗೆ ಹೇಳಲೇಬೇಕು. ಮಲೇಷ್ಯಾದ ಸಾಬಾ ಪ್ರಾಂತದವರು, 1971ರಲ್ಲಿ ಹುಟ್ಟಿದವರು. ಬಹಳ ವರ್ಷ ಫೋಟೊ, ಡಿಜಿಟಲ್ ಅಂತ ಮಾಡುತ್ತಿದ್ದವರು ಊರಿಗೆ ಮರಳಿದ ಮೇಲೆ ಚಾಪೆ ಹೆಣೆಯೋ ಹೆಂಗಸರ ಜೊತೆ ಕೂತರು. ಸೆಂಪೊರ್ನಾ ಹತ್ತಿರ ಓಮಾದಾಲ್ ಅನ್ನೋ ದ್ವೀಪ ಇದೆ. ಅಲ್ಲಿ ಸಮುದ್ರದ ಮೇಲೇ ಬದುಕಿದ ಬಜಾವ್ ಜನ. ಎಷ್ಟೋ ಜನರಿಗೆ ಯಾವ ದೇಶದ ಕಾಗದಪತ್ರವೂ ಇಲ್ಲ. ಆ ಹೆಂಗಸರು ಕೇದಿಗೆ ಜಾತಿಯ ಎಲೆ ಸೀಳಿ, ಬಣ್ಣಕ್ಕೆ ಅದ್ದಿ ಹೆಣೆದ ಚಾಪೆಗಳ ಸರಣಿ 2018ರಿಂದ ಬಂತು. ಪ್ರತಿ ಚಾಪೆಯ ಮೇಲೂ ಒಂದು ಮೇಜಿನ ಚಿತ್ರ. ಬಣ್ಣ ಬಣ್ಣದ ಹೆಣಿಗೆಯ ನಡುವೆ ನಾಲ್ಕು ಕಾಲಿನ ಸರ್ಕಾರಿ ಮೇಜು, ಅಷ್ಟೇ.

ಯಾಕೆ ಮೇಜು? ಪೋರ್ಚುಗೀಸರು, ಡಚ್ಚರು, ಬ್ರಿಟಿಷರು ಬಂದಾಗ ಜೊತೆಗೆ ಮೇಜೂ ಬಂತು. ಅದಕ್ಕೂ ಮುಂಚೆ ಜನ ನೆಲದ ಮೇಲೆ, ಚಾಪೆಯ ಮೇಲೆ ಕೂತು ಮಾತಾಡುತ್ತಿದ್ದರು. ಮೇಜು ಬಂದ ಮೇಲೆ ಒಬ್ಬ ಆ ಕಡೆ ಕೂತ, ಉಳಿದವರು ಈ ಕಡೆ ನಿಂತರು. ಇ-ಲಾನ್ ಆ ಮೇಜನ್ನೇ ಚಾಪೆಯೊಳಗೆ ಹೆಣೆಸಿ, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗೋ ಹಾಗೆ ಮಾಡಿಬಿಟ್ಟರು.

ಇದನ್ನ ಓದುವಾಗ ನಗು ಬಂತು, ಹೊಟ್ಟೆಯೂ ಉರಿಯಿತು. ನಮ್ಮ ದೊಡ್ಡಮ್ಮ ಪಹಣಿಯಲ್ಲಿ ಒಂದಕ್ಷರ ತಪ್ಪಾಗಿದೆ ಅಂತ ಒಂದು ಕಚೇರಿಗೆ ಎಷ್ಟು ಸಲ ಅಲೆದರೋ. ಆ ಮೇಜಿನ ಈ ಕಡೆ ಕುರ್ಚಿಯೇ ಇಲ್ಲ, ಇದ್ದ ಒಂದರ ಮೇಲೆ ಫೈಲು. ಎಪ್ಪತ್ತು ದಾಟಿದವರು ಮಂಡಿ ಹಿಡಿದುಕೊಂಡು ನಿಂತಿರುತ್ತಿದ್ದರು. ಮೇಜಿನ ಆ ಕಡೆಯವರು ತಲೆ ಎತ್ತದೆ ‘ಸರ್ವರ್ ಡೌನ್’ ಅನ್ನುತ್ತಿದ್ದರು.

ಆದರೂ ಒಂದು ಮಾತು. ಚಾಪೆ ಎಲ್ಲರನ್ನೂ ಸಮ ಮಾಡುತ್ತೆ ಅಂತ ಇ-ಲಾನ್ ನಂಬುತ್ತಾರಲ್ಲ, ನಮ್ಮ ಸೀಮೆಯಲ್ಲಿ ಅದನ್ನ ಅಷ್ಟು ಸಲೀಸಾಗಿ ಒಪ್ಪೋಕೆ ನನಗೆ ಆಗಲ್ಲ. ಯಾರು ಬಂದರೆ ಕಂಬಳಿ ಹಾಸುತ್ತಾರೆ, ಯಾರು ಬಂದರೆ ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತಾರೆ ಅನ್ನೋದು ಇಲ್ಲಿ ಜಾತಿ ನೋಡಿಯೇ ನಡೆಯೋದು. ಕಂಬಳಿ ನೆಯ್ದವರಿಗೇ ಕಂಬಳಿ ಮೇಲೆ ಕೂರೋಕೆ ಬಿಡದ ಮನೆಗಳಿವೆ. ಅವರ ಒಂದು ವಿಷಯ ಮಾತ್ರ ನನಗೆ ತಕರಾರಿಲ್ಲದೆ ಇಷ್ಟ. ಕೆಲಸದ ಜೊತೆಗೇ ಹೆಣೆದ ಹೆಂಗಸರ ಹೆಸರುಗಳನ್ನೂ ಹಾಕುತ್ತಾರೆ. ನಮ್ಮಲ್ಲಿ ಡಿಸೈನರ್ ಹೆಸರು ದೊಡ್ಡದಾಗಿ ಇರುತ್ತೆ, ಕೆಳಗೆ ‘ಗ್ರಾಮೀಣ ಮಹಿಳೆಯರಿಂದ’ ಅಂತ ಸಣ್ಣ ಅಕ್ಷರದಲ್ಲಿ.

ವಾನ್ ನಾಥ್ ಕತೆ ಬೇರೆ. ಅವರೂ ಪಿಚ್ ಹುಟ್ಟಿದ ಬಾತ್ತಂಬಾಂಗ್‌ನವರೇ, 1946ರಲ್ಲಿ ಹುಟ್ಟಿದವರು. ಸಿನಿಮಾ ಪೋಸ್ಟರ್, ಅಂಗಡಿ ಬೋರ್ಡ್ ಬರೆದು ಹೊಟ್ಟೆ ಹೊರೆಯುತ್ತಿದ್ದರು. 1977ರ ಕೊನೆಗೆ ಖ್ಮೇರ್ ರೂಜ್ ಅವರನ್ನು ಹಿಡಿದು, ಜನವರಿಯಲ್ಲಿ ನಾಮ್‌ಪೆನ್‌ನ ಎಸ್-21 ಜೈಲಿಗೆ ತಂದಿತು. ಅದು ಮೊದಲು ಶಾಲೆಯಾಗಿತ್ತು. 12,000ಕ್ಕೂ ಹೆಚ್ಚು ಜನ ಅದರೊಳಗೆ ಹೋಗಿದ್ದಾರೆ, ಬದುಕಿ ಹೊರಗೆ ಬಂದವರು ಬೆರಳೆಣಿಕೆ. ನಾಥ್ ಉಳಿದದ್ದು ಪೇಂಟರ್ ಅನ್ನೋ ಒಂದೇ ಕಾರಣಕ್ಕೆ. ಒಂದು ಫೋಟೊ ಕೊಟ್ಟು ಇದನ್ನ ದೊಡ್ಡದು ಮಾಡಿ ಬರಿ ಅಂದರು. ಆ ಮುಖ ಖ್ಮೇರ್ ರೂಜ್ ನಾಯಕ ಪೋಲ್ ಪಾಟ್‌ನದು. ಹೊಡೆತ ತಿಂದು ಉಪವಾಸ ಬಿದ್ದು ಎದ್ದ ಕೈಯಲ್ಲಿ, ಅದೇ ಜೈಲಿನ ಒಡೆಯನ ಮುಖವನ್ನು ಚೆಂದ ಬರೆಯಬೇಕಿತ್ತು. ಹಿಡಿಸದಿದ್ದರೆ ಮುಗೀತು.

1979ರಲ್ಲಿ ಆ ಆಡಳಿತ ಬಿದ್ದ ಮೇಲೆ ಅವರು ಅದೇ ಜಾಗಕ್ಕೆ ವಾಪಸ್ ಹೋದರು. ಅಲ್ಲಿ ನಡೆದದ್ದನ್ನು ಒಂದೊಂದೇ ಬರೆದರು. ಸಾಲಾಗಿ ಕಾಲಿಗೆ ಕಬ್ಬಿಣ ಹಾಕಿ ಮಲಗಿಸಿದವರು, ನೀರಿನಲ್ಲಿ ಮುಳುಗಿಸುವುದು, ತಾಯಿ ಕೈಯಿಂದ ಕೂಸು ಕಿತ್ತುಕೊಳ್ಳುವುದು. ಆ ಜೈಲೇ ಈಗ ತುವಲ್ ಸ್ಲೆಂಗ್ ಮ್ಯೂಸಿಯಂ, ಆ ಚಿತ್ರಗಳು ಇವತ್ತಿಗೂ ಅಲ್ಲಿವೆ. 2009ರಲ್ಲಿ ಜೈಲಿನ ಮುಖ್ಯಸ್ಥನ ವಿಚಾರಣೆಯಲ್ಲಿ ನಾಥ್ ಸಾಕ್ಷಿ ಹೇಳಿದರು, 2011ರಲ್ಲಿ ತೀರಿಹೋದರು. ಆ ಚಿತ್ರಗಳನ್ನು ನೋಡಿದ ಕಲಾ ಪಂಡಿತರು ‘ಶೈಲಿ ಸರಳ, ಸಿನಿಮಾ ಬೋರ್ಡಿನ ಹಾಗಿದೆ’ ಅಂತ ಅಂದಾರು. ಹಾಗೇ ಇದೆ. ಹಾಗಿರೋದಕ್ಕೇ ಒಬ್ಬ ಹಳ್ಳಿಯವನಿಗೂ ಅಲ್ಲಿ ಏನಾಯಿತು ಅಂತ ಒಂದೇ ನೋಟಕ್ಕೆ ತಿಳಿಯುತ್ತೆ.

ನಮ್ಮ ಬಳ್ಳಾರಿ, ರಾಯಚೂರಿನ ಬೋರ್ಡ್ ಪೇಂಟರ್‌ಗಳನ್ನು ನೆನೆಸಿಕೊಳ್ಳಿ. ಸಣ್ಣ ಸ್ಟಿಲ್ ಫೋಟೊಗೆ ಪೆನ್ಸಿಲ್‌ನಲ್ಲಿ ಚೌಕ ಹಾಕಿ, ಗೋಡೆಗೆ ದಾರ ಹೊಡೆದು ಅದೇ ಚೌಕ ಹಾಕಿ, ಏಣಿ ಮೇಲೆ ನಿಂತು ಡಾ. ರಾಜ್ ಅವರ ಮೂಗನ್ನೇ ಮೂರಡಿ ಬರೆಯುತ್ತಿದ್ದರಲ್ಲ. ಕೆಳಗೆ ಇಳಿದು ನೋಡೋವರೆಗೆ ಮುಖ ಕಾಣದು. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಒಬ್ಬರು ಈಗ ಆಟೋ ಹಿಂದೆ ‘ತಾಯಿಯ ಆಶೀರ್ವಾದ’ ಬರೆಯುತ್ತಾರೆ. ಕೈ ಇನ್ನೂ ನಡುಗಿಲ್ಲ.

ಜೈಲಿನ ಮಾತು ಬಂದಿದ್ದಕ್ಕೆ ಮ್ಯಾನ್ಮಾರಿನ ಟೈನ್ ಲಿನ್ ಹೆಸರೂ ಹೇಳಿಬಿಡುತ್ತೇನೆ. 1998ರಿಂದ 2004ರವರೆಗೆ ಜೈಲು. ಬ್ರಶ್ ಇಲ್ಲ, ಕ್ಯಾನ್ವಾಸ್ ಇಲ್ಲ. ಕೈದಿಗಳ ಬಿಳಿ ಲುಂಗಿಯೇ ಬಟ್ಟೆ, ಸಿಗರೇಟ್ ಲೈಟರ್, ಸಿರಿಂಜ್, ಸೋಪಿನ ತುಂಡು, ಬೆರಳು ಇವೇ ಸಲಕರಣೆ. ಬಣ್ಣವನ್ನು ಕಾವಲುಗಾರರನ್ನು ಒಲಿಸಿಕೊಂಡು ತರಿಸುತ್ತಿದ್ದರು. ನೂರಾರು ಚಿತ್ರಗಳು ಕದ್ದುಮುಚ್ಚಿ ಹೊರಗೆ ಬಂದವು. ಒಳ್ಳೆ ಪೇಪರ್ ಇಲ್ಲ ಸಾರ್, ಅದಕ್ಕೇ ಚಿತ್ರ ಬಿಡಿಸಿಲ್ಲ ಅನ್ನೋ ನನ್ನ ಒಂಬತ್ತನೇ ಕ್ಲಾಸಿನವರಿಗೆ ಈ ಕತೆ ಹೇಳಿದೆ. ಒಬ್ಬ ಮರುದಿನ ಸೋಪಿನಲ್ಲಿ ಜೆಸಿಬಿ ಕೆತ್ತಿಕೊಂಡು ಬಂದ. ಬಕೆಟ್ ಕೂಡ ಇತ್ತು.

ನಮಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸೋದು ಇಂಡೋನೇಷ್ಯಾದ ಹೆರಿ ಡೊನೊ. 1960ರಲ್ಲಿ ಹುಟ್ಟಿದವರು. ಯೋಗ್ಯಕರ್ತದ ಕಲಾಶಾಲೆಯಲ್ಲಿ ಓದಿ, ಆಮೇಲೆ ಸುಕಾಸ್ಮನ್ ಅನ್ನೋ ಗೊಂಬೆಯಾಟದವರ ಹತ್ತಿರ ಹೋಗಿ ವಯಾಂಗ್ ಕಲಿತರು. ವಯಾಂಗ್ ಕುಲಿತ್ ಅಂದ್ರೆ ನಮ್ಮ ತೊಗಲುಗೊಂಬೆ ಆಟವೇ, ಪರದೆ, ದೀಪ, ಅದೇ ಪಾಂಡವರು. ಡೊನೊ ಆ ಗೊಂಬೆಗಳ ಉದ್ದ ಕೈ, ಚೂಪು ಮೂಗನ್ನು ತಗೊಂಡು ಹಳೆ ರೇಡಿಯೊ, ಮೋಟರ್, ಬಲ್ಬಿಗೆ ಸೇರಿಸಿದರು. 1994ರ ‘ಫರ್ಮೆಂಟೇಶನ್ ಆಫ್ ಮೈಂಡ್’ ನೋಡಿ. ಶಾಲೆಯ ಡೆಸ್ಕ್‌ಗಳ ಸಾಲು. ಪ್ರತಿಯೊಂದರಲ್ಲೂ ಒಂದು ತಲೆ, ಮುಂದೆ ತೆರೆದ ಪುಸ್ತಕ. ಮೋಟರ್ ತಿರುಗಿದ ಹಾಗೆ ಎಲ್ಲ ತಲೆಗಳೂ ಹೂಂ ಹೂಂ ಅಂತ ಆಡುತ್ತಲೇ ಇರುತ್ತವೆ. ಆಗ ಅಲ್ಲಿ ಸುಹಾರ್ತೊ ಸರ್ವಾಧಿಕಾರ. ಪಾಠ ಮಾಡೋ ಕೆಲಸದವನಾಗಿ ನನಗೆ ಅದನ್ನ ಪೂರ್ತಿ ನೋಡೋಕೆ ಸ್ವಲ್ಪ ಕಷ್ಟವೇ ಆಯಿತು.

ಈಗ ಇಲ್ಲಿಗೆ ಬನ್ನಿ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ. ಎಲ್ಲರೂ ಸ್ಟೇಟಸ್ ಹಾಕಿದೆವು. ಅವರ ಆಟವನ್ನು ಪೂರ್ತಿ ಕೂತು ನೋಡಿದವರು ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣ, 2023ರಲ್ಲಿ ತೀರಿಕೊಂಡರಲ್ಲ, ಅವರು ತೊಗಲಿನಲ್ಲಿ ಗಾಂಧಿಯನ್ನು ಕತ್ತರಿಸಿ ಸ್ವಾತಂತ್ರ್ಯ ಹೋರಾಟದ ಕತೆ ಆಡಿಸಿದವರು. ಹಳೆ ಆಟಕ್ಕೆ ಹೊಸ ಕಾಲ ತಂದದ್ದು ಡೊನೊ ಒಬ್ಬರೇ ಅಲ್ಲ. ಆದರೆ ಡೊನೊ ಕೆಲಸ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ‘ಸಮಕಾಲೀನ ಕಲೆ’ ಅಂತ ನಿಲ್ಲುತ್ತೆ. ವೀರಣ್ಣನವರದ್ದು ಉತ್ಸವದಲ್ಲಿ ಮುಖ್ಯ ಅತಿಥಿಗಳ ಭಾಷಣ ಮುಗಿದ ಮೇಲೆ ‘ಜಾನಪದ ಕಾರ್ಯಕ್ರಮ’, ಇಪ್ಪತ್ತು ನಿಮಿಷ. ಜಾನಪದ ಅಂತ ಒಮ್ಮೆ ಲೇಬಲ್ ಅಂಟಿಸಿಬಿಟ್ಟರೆ ಮುಗೀತು, ಶಾಲು ಹೊದಿಸಬಹುದು, ವಾದ ಮಾಡಬೇಕಾಗಿಲ್ಲ. ತೊಗಲುಗೊಂಬೆ ಆಡಿಸೋ ಶಿಳ್ಳೇಕ್ಯಾತರ ಈಗಿನ ಹುಡುಗರಲ್ಲಿ ಒಬ್ಬ ಮರಳು ಲಾರಿಯ ಮೇಲೋ ಗಣಿ ಧೂಳಿನ ಮೇಲೋ ಒಂದು ಆಟ ಕಟ್ಟಿದ ಅಂತಿಟ್ಟುಕೊಳ್ಳಿ. ಅವನನ್ನ ಯಾವ ಉತ್ಸವಕ್ಕೆ ಕರೀತಾರೆ ನೋಡೋಣ.

ಎಲ್ಲರನ್ನೂ ಹೊಗಳ್ತಾ ಇದೀನಿ ಅಂದ್ಕೋಬೇಡಿ. ಥಾಯ್ ಮೂಲದ ರಿಕ್ರಿತ್ ತಿರವನಿಜ ಅಂತ ಇದ್ದಾರೆ, ಬಹಳ ದೊಡ್ಡ ಹೆಸರು. 1992ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಥಾಯ್ ಕರಿ, ಅನ್ನ ಮಾಡಿ ಬಂದವರಿಗೆಲ್ಲ ಪುಕ್ಕಟೆ ಬಡಿಸಿದರು, ಅದೇ ಕಲಾಕೃತಿ. ಅಪರಿಚಿತರು ಒಟ್ಟಿಗೆ ಕೂತು ಉಣ್ಣೋದೇ ಮುಖ್ಯ ಅಂತ ಪುಸ್ತಕಗಟ್ಟಲೆ ಬರೆದಿದ್ದಾರೆ. ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್ ಟ್ರ್ಯಾಕ್ಟರ್ ರೊಟ್ಟಿ ಬಂದು ಬೀಳೋದನ್ನ, ದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣೋದನ್ನ ನೋಡಿ ಬೆಳೆದ ನನಗೆ ಅದು ಅಷ್ಟೇನೂ ತಟ್ಟಲಿಲ್ಲ. ನ್ಯೂಯಾರ್ಕಿನವರಿಗೆ ಬೇಕಿತ್ತೇನೋ.

ಥಾಯ್ಲೆಂಡಿನವರೇ ಆದ ಅರಾಯಾ ರಾಸ್‌ಜಾರ್ಮ್ರಿಯರ್ನ್‌ಸೂಕ್ ಅವರ ಕೆಲಸ ಮಾತ್ರ ನನ್ನನ್ನು ಬಿಡಲಿಲ್ಲ. (ಹೆಸರು ನಾಲಿಗೆಗೆ ಕೂರೋಕೆ ನನಗೂ ಟೈಮ್ ಹಿಡೀತು.) 2008ರಲ್ಲಿ ಅವರು ಯುರೋಪಿನ ಹೆಸರಾಂತ ಚಿತ್ರಗಳ ಪ್ರತಿಗಳನ್ನು ಚೌಕಟ್ಟು ಹಾಕಿ ಹಳ್ಳಿಗೆ ತಂದು ಬಯಲಲ್ಲಿ ಇಟ್ಟರು. ಮಾನೆ, ಮಿಲೆ, ರೆನ್ವಾ, ವ್ಯಾನ್ ಗೋ ಬರೆದವು. ಮುಂದೆ ಊರಿನ ರೈತರು ಕೂತರು. ಕ್ಯಾಮೆರಾ ಅವರ ಬೆನ್ನ ಹಿಂದೆ. ಯಾರೂ ಏನೂ ವಿವರಿಸೋದಿಲ್ಲ, ಅವರು ನೋಡುತ್ತಾ ಹರಟುತ್ತಾರೆ, ಅಷ್ಟೇ ವಿಡಿಯೊ. ನೋಡೋ ಹಕ್ಕು ಯಾರದು ಅನ್ನೋದನ್ನ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಕೇಳೋಕೆ ಆಗಲ್ಲ.

ನಾನೂ ಮಾಡಿದೆ. ಮಿಲೆ 1857ರಲ್ಲಿ ಬರೆದ ‘ದಿ ಗ್ಲೀನರ್ಸ್’ ಚಿತ್ರವನ್ನು ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಹೊಡೆಸಿ, ದೊಡ್ಡಮ್ಮನ ಊರಿನ ಕಟ್ಟೆಗೆ ಕಟ್ಟಿದೆ. ಮೂವರು ಹೆಂಗಸರು ಬಗ್ಗಿ ಹಕ್ಕಲು, ಅಂದ್ರೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆ, ಆಯುತ್ತಿದ್ದಾರೆ. ನಮ್ಮೂರ ಹೆಂಗಸರಿಗೆ ಹಕ್ಕಲು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ ಅಲ್ವಾ. ಜೋಳದ ಹೊಲ, ಶೇಂಗಾ ಹೊಲ, ಎಲ್ಲ ಕಡೆ ಆಯ್ದವರೇ. ಮೊದಲ ಮಾತು ‘ಸೀರಿ ಇಲ್ಲ, ಆದ್ರೂ ತಲಿಮ್ಯಾಲ ಬಟ್ಟಿ ಐತಿ ನೋಡು’. ಆಮೇಲೆ ಒಬ್ಬರು ಮೂರನೆಯವಳ ಬಗ್ಗೆ ಮಾತು ತೆಗೆದರು. ಅವಳು ಪೂರ್ತಿ ಬಗ್ಗಿಲ್ಲ, ಅರ್ಧಕ್ಕೆ ನಿಂತಿದ್ದಾಳೆ. ‘ಆಕಿಗಿ ನಡಾ ಹಿಡದೈತಿ.’ ಇನ್ನೊಬ್ಬರು ಹಿಂದೆ ದೂರದಲ್ಲಿ ಕಾಣೋ ದೊಡ್ಡ ದೊಡ್ಡ ಬಣವೆ, ತುಂಬಿದ ಗಾಡಿ ತೋರಿಸಿ, ‘ಅಷ್ಟ್ ಬೆಳದೂ ಇವರಿಗಿ ತೆನಿ ಬಿಟ್ಟಿಲ್ಲ’ ಅಂದರು. ನಮ್ಮ ದೊಡ್ಡಮ್ಮ ಬಲಗಡೆ ಮೂಲೆಯಲ್ಲಿ, ಬೆರಳಿನಷ್ಟು ಸಣ್ಣಗೆ ಇರೋ ಒಂದು ಆಕೃತಿಯ ಮೇಲೆ ಕೈ ಇಟ್ಟರು. ಕುದುರೆ ಮೇಲೆ ಕೂತ ಒಬ್ಬ. ‘ಇಂವ ಯಾರು? ಇಂವ ಗೌಡನ ಕಡಿಯಾಂವ. ಇಂವ ಬಂದ್ರ ಇವರು ಓಡಬೇಕು.’ ಅವನು ಮೇಲ್ವಿಚಾರಕ ಅಂತಲೇ ಕಲಾ ಇತಿಹಾಸದವರೂ ಹೇಳೋದು, ಆದರೆ ನನ್ನ ಕ್ಲಾಸಿನ ನೋಟ್ಸಿನಲ್ಲಿ ಬೆಳಕು, ಸಂಯೋಜನೆ, ಬೆನ್ನಿನ ಗೆರೆ ಅಂತೆಲ್ಲ ಇದೆ, ಕುದುರೆಯವನಿಲ್ಲ.

ಮಾತು ಎಲ್ಲೆಲ್ಲೋ ಹೋಯಿತು. ಯಾವ ಗೌಡರ ಹೊಲದಲ್ಲಿ ಬಿಡುತ್ತಿದ್ದರು, ಯಾರು ಆಯ್ದ ಸೇರು ಕಾಳನ್ನೂ ಕಸಿದುಕೊಂಡರು, ಈಗ ಮಷಿನ್ ಕಟಾವು ಬಂದ ಮೇಲೆ ಹಕ್ಕಲೇ ಇಲ್ಲ ಅನ್ನೋದು. ಕತ್ತಲಾದ ಮೇಲೆ ಫ್ಲೆಕ್ಸ್ ಬಿಚ್ಚೋಕೆ ಹೋದೆ. ಪಕ್ಕದ ಮನೆಯವರು ಬಂದು, ಮೋಡ ಆಗೈತಿ, ಸೊಪ್ಪಿ ಬಣವಿ ಮ್ಯಾಲ ಹೊಚ್ಚಾಕ ಬೇಕು, ಕೊಟ್ಟು ಹೋಗು ಅಂದರು. ಕೊಟ್ಟೆ. ಮುಂದಿನ ಸಲ ಇ-ಲಾನ್ ಅವರ ಮೇಜು ಹೊಡೆಸಬೇಕು ಅಂತಿದೀನಿ. ಅದಕ್ಕೂ ಈಗಲೇ ಇಬ್ಬರು ಗಿರಾಕಿ ಇದ್ದಾರೆ, ಒಬ್ಬರು ಟ್ರ್ಯಾಕ್ಟರ್‌ಗೆ ಕೇಳಿದ್ದಾರೆ.